ಕುಂಟ ಆಡಿಗೆ ಹೊತ್ತ ಹರಕೆ

ಇವತ್ತು ಬೆಳಿಗ್ಗೆ ಬಾಗಿಲು ಎಳೆದಾಗ ಅದರ ಹಿಂದಿದ್ದ ಕೋಲು ನನ್ನ ಕಾಲ ಮೇಲೆಯೇ ಬಿತ್ತು. ನಮ್ಮಾಕೆಯ ಕೋಲು. ಮೂರು ವರ್ಷದಿಂದ ಅದಕ್ಕೆ ಕೆಲಸವಿಲ್ಲ. ಅದನ್ನು ಬಿಡಿಸಿದ ಕೀರ್ತಿ ಡಾಕ್ಟರಿಗೆ ಸಲ್ಲಬೇಕು. ನಮ್ಮ ಮನೆಯಲ್ಲಿ ಮಾತ್ರ ಒಂದು ಆಡಿಗೆ ಸಲ್ಲುತ್ತದೆ.

ಆಡೆಂದರೆ ಕಟ್ಟಿ ಸಾಕಿದ್ದಲ್ಲ, ಮೊಬೈಲಿನ ಕಾರ್ಟೂನಿನದು. ಬಾಗೇವಾಡಿಯ ನಮ್ಮ ಮನೆಯಲ್ಲಿ ಆಕೆ ಕಾಲು ಮುರಿದು ಮಲಗಿದ್ದಾಗ ಅದೇ ಜೊತೆ. ಆ ಕುಂಟ ಆಡು ಪ್ರತಿ ಕಂತಿನಲ್ಲೂ ಭಾವಿಗಿಳಿದು ನೀರು ಕುಡಿದು, ಹನ್ನೆರಡು ಮೆಟ್ಟಿಲು ಹತ್ತಿ ಬಂದು ಗಡ್ಡ ಕೊಡವುತ್ತಿತ್ತು. ಅಷ್ಟೇ ಕಥೆ. ಜೀವನವಿಡೀ ಗಣಿತ ಕಲಿಸಿದ ನಾನು ನಕ್ಕೆ. ನೀವೂ ನಗುತ್ತಿರಬಹುದು, ತಪ್ಪಿಲ್ಲ. ಇನ್ನು ನಡೆಯುವುದು ಆಗದೆಂದು ಗೋಡೆಗೆ ಮುಖ ಮಾಡಿದ್ದವಳು ಒಂದು ದಿನ ಹೇಳಿದಳು: "ನಾ ಎದ್ದು ನಡದ್ರ ಆ ಭಾವಿಗಿ ಹೋಗಿ ಕಾಯಿ ಒಡೀತೇನ್ರಿ."

"ಕಾರ್ಟೂನಿಗೆ ಯಾರರ ಹರಕಿ ಹೊರ್ತಾರೇನ?"

"ನಾ ಹೊತ್ತೇನಿ ಬಿಡ್ರಿ."

ಆ ಕಾರ್ಟೂನಿನ ಚಿತ್ರ ಬರೆದವರು ತಾಳಿಕೋಟೆ ಕಡೆಯ ಹಳೆಯ ಭಾವಿಯೊಂದನ್ನು ನೋಡಿ ಬರೆದದ್ದಂತೆ. ಏಳು ತಿಂಗಳ ಮೇಲೆ, ಆಕೆ ಕೋಲೂರಿ ನಡೆಯುವಂತಾದಾಗ, ಬಸ್ಸು ಹತ್ತಿದೆವು. ನಾವಿಬ್ಬರೇ ಮರುಳರೆಂದುಕೊಂಡಿದ್ದೆ, ಅಲ್ಲಿ ಮುದ್ದೇಬಿಹಾಳದ ಇಬ್ಬರು ಕಾಲೇಜು ಹುಡುಗಿಯರು ಆಗಲೇ ಫೋಟೊ ತೆಗೆಯುತ್ತಿದ್ದರು.

"ಏನೈತವಾ ಇಲ್ಲಿ?" ಎಂದೆ.

"ಏನಿಲ್ರಿ ಅಜ್ಜಾರ. ಆ ಆಡಿನ ಭಾವಿ ಖರೇನ ಐತೋ ಇಲ್ಲೋ ನೋಡಾಕ ಬಂದೇವಿ," ಎಂದಳು ಒಬ್ಬಳು.

ಚಿತ್ರದಲ್ಲಿ ಕಂಡ ಭಾವಿ ಭೂಮಿಯ ಮೇಲೂ ಇದ್ದರೆ, ಅಲ್ಲಿ ಆದದ್ದು ತನಗೂ ಆದೀತು ಎಂಬ ಆಸೆ ಇರಬೇಕು ಮನುಷ್ಯನಿಗೆ. ನಮ್ಮಾಕೆ ಕೋಲನ್ನು ನನ್ನ ಕೈಗಿತ್ತು, ಗೋಡೆ ಹಿಡಿದು ಇಳಿದಳು. ಆಕೆ ಹತ್ತತೊಡಗಿದಾಗ ಹುಡುಗಿಯರು ಮೇಲಿನಿಂದ ಎಣಿಸಿದರು. ಒಂಬತ್ತಕ್ಕೇ ಮೆಟ್ಟಿಲು ಮುಗಿದವು.

"ಆತಲ್ಲ, ಬಾ," ಎಂದೆ.

"ಇನ್ನ ಮೂರು ಯಾರು ಹತ್ತಬೇಕ್ರಿ?"

ಹಾಗೆಂದವಳೇ ತಿರುಗಿ ಮೂರು ಮೆಟ್ಟಿಲು ಇಳಿದಳು, ಮೂರು ಹತ್ತಿದಳು, ಮೇಲೆ ನಿಂತು ಸೆರಗು ಕೊಡವಿದಳು. ಹುಡುಗಿಯರು ಚಪ್ಪಾಳೆ ಹೊಡೆದರು. ಕಾಯಿ ಒಡೆಯುವಾಗ ಸಂತೋಷಕ್ಕೆ ನನ್ನ ಕಣ್ಣು ತುಂಬಿ, ಪೆಟ್ಟು ಎರಡು ಸಲ ತಪ್ಪಿತು.

ಇವತ್ತು ಕಾಲ ಮೇಲೆ ಬಿದ್ದ ಆ ಕೋಲನ್ನೆತ್ತಿ, ಸುಮ್ಮನೆ ಊರಿ ನೋಡಿದೆ. ಒಂದು ತಿಂಗಳಿನಿಂದ ನನ್ನ ಮೊಣಕಾಲು ಹಿಡಿದಿದೆ, ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯಿಂದ ಆಕೆ ನೋಡಿಯೇಬಿಟ್ಟಳು.

"ನಿಮ್ಮ ಸಲುವಾಗಿ ಹೊರ್ಲೇನ್ರಿ ಹರಕಿ?"

ಮೊದಲಾಗಿದ್ದರೆ ನಕ್ಕುಬಿಡುತ್ತಿದ್ದೆ.

"ತಾಳಿಕೋಟಿ ಬಸ್ ಎಷ್ಟಕ್ಕೈತಿ?" ಎಂದೆ.