ಹೆಣ್ಣಿನ ಮನೆಯ ಊದುಗೊಳವೆ

ಅಣ್ಣನಿಗೆ ಹೆಣ್ಣು ನೋಡಲು ಕ್ಯಾಸಂಬಳ್ಳಿಗೆ ಹೋದಾಗ ನಾನು ಹೈಸ್ಕೂಲಿನ ಚರ್ಚಾಕೂಟದಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವವನೆಂದು ಹೆಸರಾಗಿದ್ದೆ. ಆ ಹೆಮ್ಮೆಯನ್ನೂ ಜೊತೆಗೆ ಕಟ್ಟಿಕೊಂಡೇ ಹೋಗಿದ್ದೆ.

ಅಣ್ಣ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವವನು. ಒಂದು ಸಂಬಂಧ ಆಗಲೇ ಕೈತಪ್ಪಿತ್ತು. ಇದೂ ತಪ್ಪಿದರೆ ಇನ್ನು ಯಾರೂ ಹೆಣ್ಣು ಕೊಡುವುದಿಲ್ಲ ಅಂತ ಅಮ್ಮ ದಾರಿಯುದ್ದಕ್ಕೂ ಅನ್ನುತ್ತಿದ್ದಳು.

ಆ ಊರುಗಳಲ್ಲಿ ಗಣಿಯ ಗಂಡಿಗೊಂದು ಪರೀಕ್ಷೆಯಿತ್ತು. ಮಾತಿನ ನಡುವೆ ಮನೆಯ ಹಿರಿಯಳೊಬ್ಬಳು, ಏನೂ ಅಲ್ಲವೆಂಬಂತೆ, ಅವನ ಕೈಗೆ ಒಲೆಯ ಊದುಗೊಳವೆ ಕೊಡುವಳು. ಕೆಂಡ ಉರಿದರೆ ಎದೆ ಗಟ್ಟಿ. ಇಲ್ಲವಾದರೆ ಗಣಿಯ ಧೂಳು ಒಳಗೆ ಕೂತಿದೆ ಅಂತ.

ಹುಡುಗಿಯ ಅಜ್ಜಿಯೂ ಅದನ್ನೇ ಮಾಡಿದಳು. "ಒಸಿ ಊದು ನಾಯನಾ, ನನ್ ಕಣ್ಣಿಗೆ ಒಗೆ ಆಗಾಕಿಲ್ಲ."

ನಾನು ಎದ್ದು ನಿಂತೆ. "ಅಜ್ಜೀ, ಎತ್ತಿನ ಹಲ್ಲು ಎಣಿಸಿದ ಹಾಗೆ ಮನುಷ್ಯನ ಉಸಿರು ಅಳೀತೀರಾ? ಈಗ ನಿಯಮ ಬಂದಿದೆ. ಯಂತ್ರಕ್ಕೆ ನೀರು ಬಿಟ್ಟುಕೊಂಡೇ ಬಂಡೆ ಕೊರೀಬೇಕು. ನೀರು ಬಿದ್ದಮೇಲೆ ಧೂಳೆಲ್ಲಿ? ಧೂಳಿಲ್ಲದ ಮೇಲೆ ರೋಗವೆಲ್ಲಿ?"

ಹುಡುಗಿಯ ಅಪ್ಪ ತಲೆಯಾಡಿಸಿದರು. "ಉಡುಗ ಲಾಯರೇ ಕಣ್ಲಾ!" ಅಂತ ಜಗಲಿಯಲ್ಲಿ ಯಾರೋ ನಕ್ಕರು. ಅಜ್ಜಿ ಕೊಳವೆಯನ್ನು ಹಿಂದಕ್ಕೆ ಎಳೆದುಕೊಂಡಳು. ಗೆದ್ದಿದ್ದೆ.

ದಿನಾ ಸಂಜೆ ಅಣ್ಣನ ಅಂಗಿಯನ್ನು ಹಿತ್ತಲಲ್ಲಿ ಒದರುವವನು ನಾನೇ. ಅದು ಒಮ್ಮೆಯೂ ಒದ್ದೆಯಿರುತ್ತಿರಲಿಲ್ಲ. ರಾಗಿಹಿಟ್ಟಿನಷ್ಟು ನಯವಾದ ಬಿಳಿ ಧೂಳು ಏಳುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಿಯಮವೂ ಗೊತ್ತಿತ್ತು, ಅಂಗಿಯೂ ಗೊತ್ತಿತ್ತು. ನಿಯಮವನ್ನಷ್ಟೇ ಹೇಳಿದ್ದೆ.

ಅಣ್ಣ ಕೈಚಾಚಿದ. "ಕೊಡಿ ಅಜ್ಜಿ. ನೀರು ಬಿಟ್ಕೊಂಡ್ರೆ ಮೈಯೆಲ್ಲ ನೆಂದು, ಮೇಲಕ್ಕೆ ಬರೋವಾಗ ಚಳಿಗೆ ನಡುಗೋಯ್ತೀವಿ. ಸಾಯೇಬ್ರು ಅತ್ತ ಸರಿದ್ರೆ ನಾವೇ ನಲ್ಲಿ ನಿಲ್ಲಿಸಿಬುಡ್ತೀವಿ."

ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದಿದ. ಕೆಂಡ ಕೆಂಪಾಗಿ ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಊದುವಾಗ ಕೆಮ್ಮು ಬಂತು. ಬೂದಿ ಎದ್ದು ಅವನ ಹೊಸ ಅಂಗಿಯ ಮೇಲೆ, ಅಮ್ಮನ ಮುಖದ ಮೇಲೆ ಬಿತ್ತು. ಕೆಮ್ಮು ನಿಲ್ಲಲೇ ಇಲ್ಲ. ಬಾಗಿಲ ಮರೆಯಲ್ಲಿದ್ದ ಹುಡುಗಿಯ ಬಳೆಯ ಸದ್ದು ಒಳಗೆ ಸರಿಯಿತು. ನಾನು ನಾಚಿಕೆಯಿಂದ ಸೂರು ನೋಡುತ್ತ ಕೂತೆ, ಮೊದಲು ಅವನ ಕೆಮ್ಮಿಗೆ, ಆಮೇಲೆ ಹಾಗೆ ನಾಚಿದ್ದಕ್ಕೆ.

"ಸಾಕು ಮಗಾ, ಬುಡು," ಅಂತ ಅಜ್ಜಿ ಕೊಳವೆ ಈಸಿಕೊಂಡು ತಾನೇ ಊದಿದಳು. ಕಾಫಿ ಕೊಟ್ಟರು. ಮದುವೆಯ ಮಾತು ಯಾರೂ ಎತ್ತಲಿಲ್ಲ.

ವಾಪಸ್ಸು ಬರುವಾಗ ಅಣ್ಣ, "ಚೆನ್ನಾಗಿ ಮಾತಾಡ್ದೆ ಕಣ್ಲಾ," ಅಂದ. ಅದರಲ್ಲಿ ಕುಟುಕು ಇದೆಯೇ ಅಂತ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ಸಂಜೆ ಪಾಳಿ ಮುಗಿಸಿ ಬಂದವನು ಅಂಗಿಯನ್ನು ನನ್ನ ಕೈಗೆ ಕೊಡಲಿಲ್ಲ. ಹಿತ್ತಲಾಚೆ, ಗಾಳಿ ನಮ್ಮ ಕಡೆ ಬಾರದ ಜಾಗ ನೋಡಿಕೊಂಡು, ತಾನೇ ಒದರತೊಡಗಿದ. ನಾನು ಬಾಗಿಲಲ್ಲಿ ನಿಂತಿದ್ದೆ. "ಕೊಡು ಇಲ್ಲಿ" ಅನ್ನುವಷ್ಟು ಮಾತೂ ನನ್ನಿಂದ ಹೊರಡಲಿಲ್ಲ.