ಕಾಲರ್ ಸಾಲಿನ ಬುಗುರಿ

ಅವಳಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದುದು ಕಾರ್ಖಾನೆಯ ಹಾಜರಿ ಗುಮಾಸ್ತ ಒಬ್ಬನೇ. ಉಳಿದವರಿಗೆಲ್ಲ ಅವಳು ಬುಗುರಿ. ಚಿಕ್ಕಂದಿನಲ್ಲಿ ಒಂದು ಕಡೆ ಕೂತವಳಲ್ಲ. ಊಟವನ್ನೂ ಓಡಾಡುತ್ತಲೇ ಮಾಡುತ್ತಿದ್ದಳು. ತಟ್ಟೆ ಹಿಡಿದುಕೊಂಡು ಅವಳ ಹಿಂದೆ ಸುತ್ತಿ ಸುತ್ತಿ ಸಾಕಾದ ಅಮ್ಮ ಒಂದು ದಿನ ಬೇಸತ್ತು ಕರೆದದ್ದೇ ಹೆಸರಾಗಿ ನಿಂತುಬಿಟ್ಟಿತು.

ಅಂಥವಳಿಗೆ ಸಿಕ್ಕಿದ್ದು ಕೂತು ಮಾಡುವ ಕೆಲಸ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಸಾಲಿನ ಮಧ್ಯದ ಮೆಷಿನ್ನು ಅವಳದು. ಆ ಹಾಲ್ ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ನಿಂತರೆ ಆ ತುದಿಯವರ ಮುಖ ಕಾಣದು. ಮೇಲೆ ಟ್ಯೂಬ್‌ಲೈಟು, ಕೆಳಗೆ ಹತ್ತಿಯ ಧೂಳು, ಒಂದು ಮೂಲೆಯಿಂದ ಇಸ್ತ್ರಿಯ ಹಬೆ. ಎಡಗಡೆಯಿಂದ ಕಾಲರ್ ತೆಗೆದುಕೊಳ್ಳಬೇಕು, ಬಲಗಡೆಯ ಅಂಗಿಯ ಕುತ್ತಿಗೆಗೆ ಕೂಡಿಸಬೇಕು, ಸೂಜಿಯ ಕೆಳಗೆ ಒಂದು ಸುತ್ತು ತಿರುಗಿಸಿ ಮುಂದಿನವಳಿಗೆ ಎಸೆಯಬೇಕು. ಕೈಗೆ ಬಿಡುವಿಲ್ಲ, ಸೊಂಟದಿಂದ ಕೆಳಗೆ ಪೆಡಲ್ ಒತ್ತುವ ಪಾದ ಬಿಟ್ಟರೆ ಬೇರೇನೂ ಅಲುಗಾಡುವಂತಿಲ್ಲ. ಎದ್ದು ಹೋದರೆ ಸೂಪರ್‌ವೈಸರ್ ಮೇಡಂ ಗಡಿಯಾರ ನೋಡುತ್ತಾರೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದರು. ಚಹಾ, ಬಿಸ್ಕತ್ತು ಎಲ್ಲ ಮೆಷಿನ್ನಿನ ಪಕ್ಕದಲ್ಲೇ. ವರ್ಷಗಳು ಉರುಳಿದಂತೆ ಬುಗುರಿಯ ಸೊಂಟ ತುಂಬಿತು, ಕುರ್ಚಿ ಬಿಗಿಯಾಯಿತು. ಅವಳು ಅದನ್ನೂ ತಮಾಷೆ ಮಾಡಿ ನಗುತ್ತಿದ್ದಳು.

ನಗು ನಿಂತದ್ದು ಕಾರ್ಖಾನೆಯ ಊಟದ ಕೋಣೆಗೆ ನರ್ಸಮ್ಮ ಬಂದ ದಿನ. ಎಲ್ಲರ ರಕ್ತ ಪರೀಕ್ಷೆಯೆಂದು ಸಾಲು ನಿಲ್ಲಿಸಿದ್ದರು. ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದ ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು, ಚುಚ್ಚಿಸಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡು, ಪಿಕ್‌ನಿಕ್‌ಗೆ ಬಂದವರ ಹಾಗೆ ಗಲಾಟೆ ಮಾಡಿದರು. ವಾರ ಕಳೆದು ಫಲಿತಾಂಶ ಹೇಳಲು ನರ್ಸಮ್ಮ ಮತ್ತೆ ಬಂದಾಗ ಒಬ್ಬೊಬ್ಬರನ್ನೇ ಒಳಗೆ ಕರೆದರು.

"ಸಕ್ಕರೆ ಇರಬೇಕಾದ್ದಕ್ಕಿಂತ ಮೇಲಿದೆಯಮ್ಮ. ಕಾಯಿಲೆ ಅನ್ನೋ ಅಷ್ಟಿಲ್ಲ. ಆದರೆ ಹೀಗೇ ಬಿಟ್ಟರೆ ಆಗುತ್ತೆ. ಮನೇಲಿ ಯಾರಿಗಾದರೂ ಇದೆಯಾ?"

ಇದೆ ಎಂದಳು ಬುಗುರಿ. ಅಮ್ಮ ಹೋದದ್ದು ಅದರಿಂದಲೇ. ದೊಡ್ಡಕ್ಕನ ಎಡಗಾಲಿನ ಎರಡು ಬೆರಳು ತೆಗೆದಿದ್ದರು. ಹಿಮ್ಮಡಿಯ ಹುಣ್ಣು ಮಾಗುವ ಲಕ್ಷಣವೇ ಇರಲಿಲ್ಲ. ಬುಗುರಿ ದಿನಾ ಸಂಜೆ ಕಾರ್ಖಾನೆಯ ವ್ಯಾನಿನಿಂದ ದೊಡ್ಡಕ್ಕನ ಬೀದಿಯ ತಿರುವಿನಲ್ಲಿ ಇಳಿದು, ಆ ಹುಣ್ಣು ತೊಳೆದು, ಹೊಸ ಪಟ್ಟಿ ಕಟ್ಟಿ, ಆಮೇಲೆ ಗಂಡನ ಸ್ಕೂಟರ್ ಹತ್ತಿ ಮನೆಗೆ ಹೋಗುತ್ತಿದ್ದಳು.

ನರ್ಸಮ್ಮ ಹೇಳಿದ್ದು ದೊಡ್ಡ ಸಂಗತಿಗಳೇನಲ್ಲ. ದಿನಾ ನಡೆಯಿರಿ, ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿ, ಅನ್ನ ತಗ್ಗಿಸಿ ಸೊಪ್ಪು ತರಕಾರಿ ಹೆಚ್ಚು ತಿನ್ನಿ, ಒಂದೇ ಸಮನೆ ಕೂರಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆದರೆ ಬುಗುರಿಯ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅರ್ಧ ಕೇಳಿಸಿತು, ಅರ್ಧ ಗಾಳಿಗೆ ಹೋಯಿತು.

ಅಂದು ಸಂಜೆ ವ್ಯಾನು ದೊಡ್ಡಕ್ಕನ ಬೀದಿಯ ತಿರುವಿಗೆ ಬಂದಾಗ ಅವಳು ಇಳಿಯಲಿಲ್ಲ. ಮೈಗೆ ಹುಷಾರಿಲ್ಲವೆಂದು ಫೋನು ಮಾಡಿದಳು. ಮರುದಿನ ಓವರ್‌ಟೈಮ್ ಎಂದಳು. ಅದರ ಮರುದಿನ ಫೋನನ್ನೂ ಮಾಡಲಿಲ್ಲ.

ಮನೆಯಲ್ಲಿ ಮಾತ್ರ ಅವಳ ಕಾಲಿಗೆ ಚಕ್ರ ಬಂದಿತ್ತು. ಮೊದಲು ಸಕ್ಕರೆ ಡಬ್ಬಿ ಎದುರು ಮನೆಗೆ ಹೋಯಿತು, ಅದರ ಹಿಂದೆಯೇ ಬಿಸ್ಕತ್ತಿನ ಪೊಟ್ಟಣಗಳು. ಅತ್ತೆಯ ಎದುರಿಗೇ ಬೆಲ್ಲದ ಉಂಡೆಯನ್ನು ಕಸದ ಬುಟ್ಟಿಗೆ ಹಾಕಿದಳು. ಆ ಮುದುಕಿ ಉಪ್ಪು ಖಾರದಲ್ಲಿ ಎಷ್ಟು ಬೇಕಾದರೂ ಹೊಂದಿಕೊಳ್ಳುವ ಜೀವ, ಆದರೆ ಚಹಾ ಸಪ್ಪೆಯಾದರೆ ಅವರಿಗೆ ಬೆಳಗೇ ಆಗುತ್ತಿರಲಿಲ್ಲ. ಸೊಸೆಗೆ ಎದುರಾಡದೆ ಮೆಲ್ಲಗೆ ಎದ್ದು ಎದುರು ಮನೆಗೆ ಹೋಗಿ, ತಮ್ಮದೇ ಸಕ್ಕರೆ ಹಾಕಿಸಿಕೊಂಡು ಕುಡಿದು ಬರತೊಡಗಿದರು. ಕೊಳಾಯಿ ರಿಪೇರಿಯವನಾದ ಗಂಡ ದಿನವಿಡೀ ಬೇರೆಯವರ ಮನೆಯ ಸಿಂಕಿನ ಕೆಳಗೆ ಬೆನ್ನು ಬಗ್ಗಿಸಿ ಬಂದು, ತಟ್ಟೆಯಲ್ಲಿ ಬೇಯಿಸಿದ ಸೊಪ್ಪಿನ ಗುಡ್ಡೆ ನೋಡಿ, ಹಸುವಿನ ಹಾಗೆ ತಲೆ ತಗ್ಗಿಸಿ ತಿನ್ನುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಮಾತ್ರ ಮುಖಕ್ಕೆ ಹೊಡೆದಂತೆ ಹೇಳಿದಳು, ಇದು ಮನೆಯಲ್ಲ, ಆಸ್ಪತ್ರೆ ಅಂತ.

ಬುಗುರಿಗೆ ಯಾವುದೂ ನಾಟಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಬೀದಿ ಸುತ್ತುತ್ತಿದ್ದಳು. ಟಿವಿ ನೋಡುವಾಗ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು. ಮೆಟ್ಟಿಲ ಮೇಲೆ ಹರಟುತ್ತ ಕೂತ ಹೆಂಗಸರನ್ನು ಕಂಡರೆ ಎಬ್ಬಿಸುತ್ತಿದ್ದಳು. ಯಾರ ಕೈಯಲ್ಲಿ ಏನು ತಿಂಡಿ ಇದೆಯೆಂದು ಕಣ್ಣು ಹಾಯಿಸುತ್ತಿದ್ದಳು. ಅವಳು ಬರುವ ಸದ್ದು ಕೇಳಿದರೆ ಕರಿದ ತಿಂಡಿಯ ಪೊಟ್ಟಣ ಸೆರಗಿನ ಕೆಳಗೆ ಹೋಗುತ್ತಿತ್ತು. ಸಕ್ಕರೆ ಪೊಲೀಸ್ ಬಂದಳು ಎಂದು ಅವರು ಮುಸಿಮುಸಿ ನಗುವುದು ಅವಳಿಗೂ ಗೊತ್ತಿತ್ತು. ಇಷ್ಟೆಲ್ಲ ಮಾಡಿದರೂ ಮೈಯೊಳಗೆ ಯಾರೋ ಸದಾ ಬಾಗಿಲು ತಟ್ಟುತ್ತಿರುವ ಹಾಗಿತ್ತು. ಕಾಲು ಜೋಮು ಹಿಡಿದರೆ ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿಕೊಳ್ಳುತ್ತಿದ್ದಳು. ಬಾಯಾರಿದರೆ ಬಂದೇಬಿಟ್ಟಿತು ಅಂದುಕೊಳ್ಳುತ್ತಿದ್ದಳು.

ಕೊನೆಗೆ ಮಧ್ಯಾಹ್ನದ ಊಟವನ್ನೂ ಬಿಟ್ಟಳು. ಡಬ್ಬಿಯನ್ನು ಪಕ್ಕದ ಮೆಷಿನ್ನಿನವಳಿಗೆ ಕೊಟ್ಟು, ಊಟದ ಹೊತ್ತಿನಲ್ಲಿ ಕಾರ್ಖಾನೆಯ ಗೋಡೆಯ ಸುತ್ತ ಬಿರಬಿರನೆ ನಡೆಯುವಳು. ಒಂದು ಮಧ್ಯಾಹ್ನ ಹಾಗೆ ಸುತ್ತಿ ಬಂದು ಮೆಷಿನ್ನಿಗೆ ಕೂತಾಗ ಕೈ ನಡುಗುತ್ತಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ಅಂಗಿಯ ಬಿಳಿ ಬಟ್ಟೆ ಮಂಜಾಯಿತು. ಕಾಲು ತನ್ನ ಪಾಡಿಗೆ ಪೆಡಲ್ ಒತ್ತಿತು. ಸೂಜಿ ತೋರುಬೆರಳಿನ ಉಗುರನ್ನು ತೂರಿ ಒಳಗೇ ಮುರಿಯಿತು.

ಅವಳು ಕೂಗಲೂ ಇಲ್ಲ. ಬಿಳಿ ಕಾಲರ್ ಕೆಂಪಾಗುವುದನ್ನು ಪಕ್ಕದವಳೇ ನೋಡಿ ಓಡಿಬಂದಳು. ದವಾಖಾನೆಯಲ್ಲಿ ಸೂಜಿಯ ಚೂರು ತೆಗೆದು, ಬೆರಳಿಗೆ ಪಟ್ಟಿ ಸುತ್ತಿ, ಬೆಳಿಗ್ಗೆಯಿಂದ ಏನು ತಿಂದಿದ್ದೀರಿ ಎಂದು ಡಾಕ್ಟರು ಕೇಳಿದಾಗ ಏನೂ ಇಲ್ಲವೆಂದು ಒಪ್ಪಿಕೊಂಡಳು. ಮನೆಗೆ ತಂದು ಮಲಗಿಸಿದ ಮೇಲೆ ಅತ್ತೆ ಬೇಳೆ ಅನ್ನ ಕಲಸಿ ತಂದು, ಚಮಚದಲ್ಲಿ ಬಾಯಿಗಿಟ್ಟರು. ಬುಗುರಿ ಮಗುವಿನ ಹಾಗೆ ಎಲ್ಲವನ್ನೂ ತಿಂದಳು. ತಿಂದು ಗೋಡೆಯ ಕಡೆ ತಿರುಗಿಕೊಂಡಳು.

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು. ಕುಟ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಕುಟ್. ಮಹಡಿ ಹತ್ತಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದ ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಕುರ್ಚಿ ಎಳೆದರು, ನೀರು ಕೊಟ್ಟು ಒಳಗೆ ಹೋದರು. ದೊಡ್ಡಕ್ಕ ಕೂತು ಉಸಿರು ತಿರುಗಿಸಿಕೊಂಡಳು.

"ಬೆರಳು ತೋರಿಸು," ಎಂದಳು ಆಮೇಲೆ. ನೋಡಿ ಬಿಟ್ಟಳು. "ನನ್ನ ಕಾಲು ನೋಡೋಕೆ ನಿನಗೆ ಭಯ ಅಲ್ವೇನೆ? ಅದಕ್ಕೇ ಬರೋದು ಬಿಟ್ಟೆ."

ಬುಗುರಿ ಹೂಂಗುಟ್ಟಿದಳು.

"ನನಗೂ ಭಯಾನೇ. ಆದರೆ ನನಗೆ ಬಿಟ್ಟು ಓಡೋಕಾಗಲ್ಲ. ಅದು ನನ್ನ ಮೈಗೇ ಅಂಟಿಕೊಂಡಿದೆ."

"ಅಮ್ಮನಿಗೆ ಬಂತು, ನಿನಗೆ ಬಂತು," ಎಂದಳು ಬುಗುರಿ. "ಇನ್ನು ನನ್ನ ಸರದಿ ಅಕ್ಕ. ನಿಂತರೆ ಹಿಡ್ಕೊಂಡುಬಿಡುತ್ತೆ ಅನ್ಸುತ್ತೆ."

"ಅಮ್ಮನಿಗೆ ಯಾರೂ ಹೇಳಲಿಲ್ಲ. ನನಗೆ ಹೇಳಿದ್ರು. ನಾನೇನು ಮಾಡಿದೆ ಗೊತ್ತಾ? ನಿನ್ನ ಹಾಗೇ ಹಠ ಹಿಡಿದೆ. ಎಲ್ಲಾ ಬಿಟ್ಟೆ, ಉಪವಾಸ ಬಿದ್ದೆ. ಹಠ ಎಷ್ಟು ದಿನ ನಿಲ್ಲುತ್ತೆ? ಒಂದು ದಿನ ಮುರೀತು, ಆಮೇಲೆ ಬಿಟ್ಟಿದ್ದನ್ನೆಲ್ಲ ಎರಡು ಪಟ್ಟು ತಿಂದೆ. ಮಾತ್ರೆ ಕೂಡ ಮರೆತೆ." ದೊಡ್ಡಕ್ಕ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನಿನಗೆ ಇನ್ನೂ ಹೊತ್ತಿದೆ. ಅದನ್ನ ಓಡಿ ಓಡಿ ಹಾಳು ಮಾಡ್ಕೋಬೇಡ. ನಿನ್ನ ಭಾವನಿಗೆ ಪಟ್ಟಿ ಕಟ್ಟೋಕೇ ಬರಲ್ಲ. ಬಿಗಿದು ಕಟ್ಟಿದ್ರೆ ಜೀವ ಹೋಗುತ್ತೆ, ಸಡಿಲ ಕಟ್ಟಿದ್ರೆ ನಡುಮನೇಲೇ ಬಿಚ್ಚಿಕೊಳ್ಳುತ್ತೆ. ನಾಳೆಯಿಂದ ಬಾ. ವ್ಯಾನೂ ಬೇಡ ಸ್ಕೂಟರೂ ಬೇಡ, ನಡೆದು ಬಾ, ನಡೆದು ಹೋಗು. ಅಷ್ಟು ನಡೆದರೆ ಸಾಕು ನಿನಗೆ."

ಮರುದಿನ ಬುಗುರಿ ಹೋದಳು. ಭಾವ ಸುತ್ತಿದ ಪಟ್ಟಿ ಬಿಚ್ಚುವಾಗ ಅವಳ ಕೈ ಹಿಂದೆ ಸರಿಯಿತು. ಆದರೂ ಬಿಚ್ಚಿದಳು. ಇಷ್ಟು ದಿನದ ಅಲಕ್ಷ್ಯದಿಂದ ಹುಣ್ಣು ಸುತ್ತ ಕೆಂಪಾಗಿತ್ತು. ಅದು ತನ್ನಿಂದಲೇ ಎಂದು ಅವಳಿಗೆ ಅನಿಸಿ ಕಣ್ಣು ತುಂಬಿತು. ದೊಡ್ಡಕ್ಕ ಅದನ್ನು ನೋಡಿದರೂ ನೋಡದವಳ ಹಾಗೆ, ಪಕ್ಕದ ಮನೆಯವರ ನಾಯಿ ತನ್ನ ಚಪ್ಪಲಿ ಹೊತ್ತುಕೊಂಡು ಹೋದ ಕತೆ ಹೇಳುತ್ತಿದ್ದಳು.

ಹೀಗೆ ಕಾರ್ಖಾನೆಯಿಂದ ದೊಡ್ಡಕ್ಕನ ಮನೆಗೆ, ಅಲ್ಲಿಂದ ತನ್ನ ಮನೆಗೆ ನಡಿಗೆ ಶುರುವಾಯಿತು. ಸ್ಕೂಟರ್ ತಂದು ಕಾಯುತ್ತಿದ್ದ ಗಂಡನಿಗೆ ಮೊದಲು ಸಿಟ್ಟು ಬಂತು. ನಾಲ್ಕು ದಿನ ಅವಳ ಪಕ್ಕದಲ್ಲೇ ಸ್ಕೂಟರನ್ನು ಆಮೆಯ ಹಾಗೆ ಓಡಿಸಿಕೊಂಡು ಬಂದ. ಹಿಂದಿನ ಗಾಡಿಗಳವರೆಲ್ಲ ಬೈದ ಮೇಲೆ ಅದನ್ನು ಮನೆಯಲ್ಲೇ ಬಿಟ್ಟು, ಮಂಡಿ ನೋವೆಂದು ಗೊಣಗುತ್ತ ತಾನೂ ನಡೆದ. ಅತ್ತೆಯ ಜೊತೆ ರಾಜಿಯಾಯಿತು. ಸಕ್ಕರೆ ಡಬ್ಬಿ ವಾಪಸು ಬಂತು, ಚಹಾಕ್ಕೆ ಅರ್ಧ ಚಮಚ ಮಾತ್ರ ಎಂಬ ಕರಾರಿನೊಂದಿಗೆ. ಮುದುಕಿಯ ಅರ್ಧ ಚಮಚ ಗೋಪುರದಷ್ಟು ಎತ್ತರವಿರುತ್ತಿತ್ತು. ಬುಗುರಿ ನೋಡಿಯೂ ಉಗುಳು ನುಂಗಿ ಸುಮ್ಮನಾಗುವುದನ್ನು ಕಲಿತಳು. ಸುಮ್ಮನಾಗುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಕಾರ್ಖಾನೆಯಲ್ಲಿ ಡಬ್ಬಿಯ ಊಟ ಹೊತ್ತಿಗೆ ಸರಿಯಾಗಿ ಮಾಡಿದಳು. ನಡುನಡುವೆ ಎದ್ದು ಓಡಾಡಲು ಬಿಡಿ ಎಂದು ಸೂಪರ್‌ವೈಸರ್ ಮೇಡಮ್ಮನ್ನು ಕೇಳಿದರೆ, ಇದು ಪಾರ್ಕಲ್ಲ ಎಂಬ ಉತ್ತರ ಬಂತು. ಬುಗುರಿ ವಾದಿಸಲಿಲ್ಲ. ದೊಡ್ಡ ಬಾಟಲಿ ತಂದು ಮೆಷಿನ್ನಿನ ಪಕ್ಕ ಇಟ್ಟುಕೊಂಡು ಗಟಗಟ ನೀರು ಕುಡಿದಳು. ನೀರು ಕುಡಿದವಳು ಏಳಲೇಬೇಕಲ್ಲ. ಏಳಬೇಡ ಎನ್ನುವ ಹಾಗೂ ಇಲ್ಲ. ಅದನ್ನು ಕಂಡು ಪಕ್ಕದವಳೂ ಬಾಟಲಿ ತಂದಳು. ವಾರದೊಳಗೆ ಕಾಲರ್ ಸಾಲಿಗೆ ಸಾಲೇ ಹಾಲ್‌ನ ಆ ತುದಿಯ ಬಚ್ಚಲಿಗೆ ಮೆರವಣಿಗೆ ಹೊರಟಿತು. ಅಲ್ಲಿ ಕ್ಯೂ ನಿಂತು ಹರಟೆ ಹೊಡೆಯುವುದಕ್ಕಿಂತ ಎಲ್ಲರೂ ಒಟ್ಟಿಗೆ ಚಹಾದ ಹೊತ್ತಿನಲ್ಲಿ ಹಾಲ್ ಸುತ್ತಿ ಬಂದು ಕೂರುವುದೇ ವಾಸಿ ಎಂದು ಮೇಡಮ್ಮೇ ಕೈ ಮುಗಿದರು. ಸಕ್ಕರೆ ಪೊಲೀಸ್ ಎಂದು ನಕ್ಕವರಲ್ಲಿ ಕೆಲವರು ಆ ಸುತ್ತಿನಲ್ಲಿ ಅವಳ ಹಿಂದೆಯೇ ಇದ್ದರು. ಕೆಲವರು ಕೂತೇ ಬಿಸ್ಕತ್ತು ತಿಂದರು. ಬುಗುರಿ ಅವರನ್ನು ಎಬ್ಬಿಸಲು ಹೋಗಲಿಲ್ಲ, ಕೈ ತುರಿಸಿದರೂ.

ಎಲ್ಲ ದಿನವೂ ನೆಟ್ಟಗೆ ನಡೆಯಿತೆಂದಲ್ಲ. ಇಸ್ತ್ರಿ ವಿಭಾಗದವಳು ಮಗನ ಹುಟ್ಟಿದ ದಿನಕ್ಕೆ ಕೇಕು ತಂದಾಗ ಬುಗುರಿ ಎರಡು ತುಂಡು ತಿಂದಳು, ತಿಂದು ಸಂಜೆಯವರೆಗೆ ತನ್ನನ್ನು ತಾನೇ ಶಪಿಸಿಕೊಂಡಳು. ಊಟ ಬಿಡಬೇಕು ಅನಿಸಿತು. ಬಿಡಲಿಲ್ಲ. ಒಮ್ಮೊಮ್ಮೆ ನಿದ್ದೆ ಬರುವ ಮುಂಚೆ ಕಾಲಿನ ಬೆರಳು ಅಲುಗಾಡಿಸಿ ನೋಡಿಕೊಳ್ಳುವ ಚಟ ಹಾಗೇ ಉಳಿದಿತ್ತು.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಸ್ವಲ್ಪ ಇಳಿದಿತ್ತು. ನರ್ಸಮ್ಮ ಮೆಚ್ಚಿ, ಹೀಗೇ ಮುಂದುವರಿಸಿ ಎಂದರು.

"ಎಷ್ಟು ದಿನ?" ಎಂದು ಕೇಳಿದಳು ಬುಗುರಿ.

"ಎಷ್ಟು ದಿನ ಅಂದ್ರೆ? ಇರೋ ಅಷ್ಟು ದಿನ."

ಗೆದ್ದೆ ಎಂದು ಹೇಳಿಸಿಕೊಳ್ಳಲು ಹೋದವಳಿಗೆ ಅದು ಬೈಗುಳದ ಹಾಗೆ ಕೇಳಿಸಿತು. ಮುಖ ಊದಿಸಿಕೊಂಡೇ ದೊಡ್ಡಕ್ಕನ ಮನೆಗೆ ಹೋದಳು. ದೊಡ್ಡಕ್ಕ ಎಲ್ಲ ಕೇಳಿಸಿಕೊಂಡು, ತನ್ನ ಕಾಲು ಮುಂದೆ ಚಾಚಿದಳು. ಹಿಮ್ಮಡಿಯ ಹುಣ್ಣು ಮುಚ್ಚಿರಲಿಲ್ಲ, ಆದರೆ ಅಂಚಿನಲ್ಲಿ ತೆಳುವಾಗಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಇನ್ನೊಂದು ಬೆರಳು ತೆಗೆಯಬೇಕಾದೀತು ಎಂದಿದ್ದ ಡಾಕ್ಟರು ಸದ್ಯಕ್ಕೆ ಬೇಡ ಎಂದಿದ್ದರು.

ಮಗಳ ಪರೀಕ್ಷೆಗಳು ಮುಗಿದು ರಜೆ ಬಂದಾಗ ಅವಳು ದಿನವಿಡೀ ಮಂಚದ ಮೇಲೆ ಫೋನು ಹಿಡಿದು ಬಿದ್ದುಕೊಂಡಳು. ಬುಗುರಿಯ ನಾಲಿಗೆಯ ತುದಿಗೆ ಉಪದೇಶ ಬಂತು. ನಾಲಿಗೆ ಕಚ್ಚಿಕೊಂಡು, ದೊಡ್ಡಮ್ಮ ನಿನ್ನನ್ನು ಕೇಳುತ್ತಿದ್ದರು, ಭಾನುವಾರ ಅಲ್ಲಿಗೆ ಬಾ ಎಂದಷ್ಟೇ ಹೇಳಿದಳು. ಭಾನುವಾರ ಹುಡುಗಿ ಹುಬ್ಬು ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿ ಅಪ್ಪ ಅಮ್ಮನ ಜೊತೆ ಹೊರಟಳು. ಮೊದಲ ಬೀದಿಯುದ್ದಕ್ಕೂ ಫೋನು ನೋಡುತ್ತಲೇ ನಡೆದಳು. ಎರಡನೆಯದರಲ್ಲಿ ಕಾಲೇಜಿನ ಮೇಷ್ಟ್ರೊಬ್ಬರ ಮಾತೆತ್ತಿ ಸಿಟ್ಟಾದಳು, ಸಿಟ್ಟಿನ ಜೊತೆಗೇ ಹೆಜ್ಜೆಯೂ ಬಿರುಸಾಯಿತು. ಗಂಡ ಮಂಡಿ ಹಿಡಿದುಕೊಂಡು ಹಿಂದೆ ಉಳಿದ. ಬುಗುರಿಗೂ ಏದುಸಿರು ಬಂತು. ಮುಂದೆ ಮುಂದೆ ಕೈ ಬೀಸಿಕೊಂಡು ಮಾತಾಡುತ್ತ ಹೋಗುತ್ತಿದ್ದ ಮಗಳಿಗೆ, ಸ್ವಲ್ಪ ನಿಧಾನ ನಡಿಯೇ ಎಂದು ಅವಳು ಕೂಗಿ ಹೇಳಬೇಕಾಯಿತು.