ಮೋರಾ ಲಾಂಚಿನಲ್ಲಿ ಕಳ್ಳ ಕುಬಸದ ಬುಟ್ಟಿ

ಅಮಾವಾಸ್ಯೆಗೆ ಎರಡು ದಿನ ಇರುವಾಗ ನಾವು ನಾಸಿಕದ ಹತ್ತಿರದ ಓಝರ್ ಬಿಟ್ಟೆವು. ನಾವು ಅಂದರೆ ನಾನು, ನಮ್ಮ ಯಜಮಾನರು ಮತ್ತು ಒಂದು ಬಿದಿರಿನ ಬುಟ್ಟಿ. ಮಗನಿಗೆ ಇಲ್ಲಿಯ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿದ ಮೇಲೆ ನಾವು ಬೀದರ ಕಡೆಯಿಂದ ಬಂದು ಅವನ ಹತ್ತಿರವೇ ಇದ್ದೇವೆ. ಮಗಳು ಮಹಾದೇವಿ ಇರುವುದು ಮುಂಬಯಿಯ ಆಚೆ ಉರಣದಲ್ಲಿ. ಅಳಿಯ ಅಲ್ಲಿ ಉಪ್ಪಿನ ಆಗರದ ಗುಮಾಸ್ತ. ಪನವೇಲಿನ ಮೇಲೆ ಸುತ್ತಿ ಹೋಗುವ ರಸ್ತೆಯೂ ಇದೆಯಂತೆ. ಅದಕ್ಕೆ ಇಡೀ ದಿನ ಬೇಕು. ಮುಂಬಯಿಯಿಂದ ಲಾಂಚಿನಲ್ಲಿ, ಅಂದರೆ ಎಂಜಿನ್ನಿನ ದೋಣಿಯಲ್ಲಿ, ಕುಳಿತರೆ ಒಂದು ತಾಸು.

ಮಗಳಿಗೆ ಐದು ತಿಂಗಳು. ಐದನೆಯ ತಿಂಗಳು ದಾಟುವ ಮೊದಲು ತಾಯಿ ಹೇಳದೆ ಕೇಳದೆ ಹೋಗಿ ಹಸಿರು ಕುಬಸ, ಅಂದರೆ ರವಿಕೆ, ಕೊಟ್ಟು, ಬುತ್ತಿ ಉಣ್ಣಿಸಿ ಬರಬೇಕು. ಇದು ಕಳ್ಳ ಕುಬಸ. ಊರೆಲ್ಲ ಕರೆದು ಮಾಡುವ ಏಳನೆಯ ತಿಂಗಳ ಕುಬಸ ಬೇರೆ. ನಮ್ಮ ಮನೆತನದಲ್ಲಿ ಇದರ ಕಟ್ಟಳೆ ಬಿಗಿ: ಕಾಗದ ಹಾಕುವ ಹಾಗಿಲ್ಲ, ಗಂಡಸರು ನೋಡುವ ಹಾಗಿಲ್ಲ, ಬುಟ್ಟಿ ನೆಲಕ್ಕೆ ತಾಗುವ ಹಾಗಿಲ್ಲ, ಮನೆಯವರಲ್ಲದವರ ಕೈಗೆ ಹೋಗುವ ಹಾಗಿಲ್ಲ. ಮೊದಲ ತುತ್ತು ತಾಯಿಯ ಕೈಯದೇ ಆಗಬೇಕು. ಮಹಾದೇವಿಗೆ ಹಿಂದೆ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡು ಸಲವೂ ನಾನು ಹೋಗಿರಲಿಲ್ಲ. ಒಮ್ಮೆ ಊರಲ್ಲಿ ಸುಗ್ಗಿ ರಾಶಿಯ ಕಾಲ, ಇನ್ನೊಮ್ಮೆ ನನಗೇ ಜ್ವರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಹೇಳಿದ. ಡಾಕ್ಟರ್ ಹೇಳಿದ್ದನ್ನು ಮಗಳ ಮನಸ್ಸು ಕೇಳಬೇಕಲ್ಲ. ಈ ಸಲದ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತಿತ್ತು. ಅದರ ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ತುತ್ತು ಅವಳ ಬಾಯಿ ಸೇರಬೇಕಿತ್ತು.

ನಾಸಿಕ್ ರೋಡ್ ಸ್ಟೇಷನ್ನಿನವರೆಗೆ ಎಸ್.ಟಿ. ಬಸ್ಸು, ಅಲ್ಲಿಂದ ರೈಲು. ಬುಟ್ಟಿ ನನ್ನ ತೊಡೆಯ ಮೇಲೆ. ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಖಾರದ ಪುಡಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಕುಬಸ, ಬಳೆ. ಇಗತ್‌ಪುರಿಯಲ್ಲಿ ಎಂಜಿನ್ ಬದಲಿಸಲು ಗಾಡಿ ನಿಂತಿತು. ಎದುರಿಗೆ ಕುಳಿತಿದ್ದ ಈರುಳ್ಳಿ ವ್ಯಾಪಾರಿ, ನಮ್ಮ ಕಲಬುರ್ಗಿ ಕಡೆಯವನೇ, ಕೇಳಿದ: "ಯಜಮಾನ್ರ, ಬುಟ್ಯಾಗ ಏನದರಿ?"

"ಕಳ್ಳ ಕುಬಸದ ಬುತ್ತಿರಿ. ಯಾರ ಮುಂದೂ ಹೇಳಂಗಿಲ್ಲ," ಎಂದರು ನಮ್ಮವರು. ಡಬ್ಬಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು.

"ನಿಮ್ಮ ಬಾಯಿಗಿ ಒಂದು ಬೀಗ ತರಬೇಕಿತ್ತು," ಎಂದೆ.

"ಅವರು ಕೇಳಿದರಲ್ಲ. ಕೇಳಿದವರಿಗಿ ಹೇಳಲಿಲ್ಲಂದ್ರ ಸೊಕ್ಕು ಅಂತಾರ."

ಆ ರಾತ್ರಿ ಮುಂಬಯಿಯ ಧರ್ಮಶಾಲೆಯೊಂದರಲ್ಲಿ ಇಳಿದೆವು. ಬುಟ್ಟಿಯನ್ನು ಗೂಟಕ್ಕೆ ತೂಗುಹಾಕಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಭಾವುಚಾ ಧಕ್ಕಾ ಎಂಬ ಬಂದರಕಟ್ಟೆಗೆ ಹೋದೆವು.

ಅದನ್ನು ನೋಡಿ ನನಗೆ ನಾಸಿಕದ ಬಸ್‌ಸ್ಟ್ಯಾಂಡೇ ನೆನಪಾಯಿತು. ಉರಣದ ಬಂದರು ಮೋರಾಕ್ಕೆ ಒಂದು, ರೇವಸ್ಸಿಗೆ ಒಂದು, ಮತ್ತೆ ಎಲ್ಲೆಲ್ಲಿಗೋ ಹೋಗುವವು ನಾಲ್ಕಾರು. ಲಾಂಚುಗಳೆಲ್ಲ ಮೈಗೆ ಹಳೆಯ ಟೈರು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಕೂಗಿ ಕರೆಯುವವರು ಅದೇ ರೀತಿ, ಕಿಟಕಿಯಲ್ಲಿ ಮೂಗು ತೂರಿಸಿ ಟಿಕೀಟು ಕೇಳುವವರೂ ಅದೇ ರೀತಿ. ಕಚೇರಿಗೆ ಹೋಗುವ ಬಾಬುಗಳು, ಹಾಲಿನ ಕ್ಯಾನಿನವರು, ಮೀನಿನ ಬುಟ್ಟಿಯ ಕೋಳಿ ಎಂಬ ಬೆಸ್ತರ ಹೆಂಗಸರು, ಎಲ್ಲರಿಗೂ ಇದು ದಿನದ ಬಸ್ಸು. ಬಸ್ಸು ಗಡಿಯಾರ ನೋಡಿ ಹೊರಡುತ್ತದೆ, ಇವು ಸಮುದ್ರದ ನೀರು ಏರಿತೋ ಇಳಿಯಿತೋ ನೋಡಿ ಹೊರಡುತ್ತವೆ, ಅಷ್ಟೇ ವ್ಯತ್ಯಾಸ.

ಕುಬಸಕ್ಕೆ ಗಂಡಸರು ಬರುವ ಹಾಗಿಲ್ಲವಲ್ಲ, ಯಜಮಾನರನ್ನು ಧಕ್ಕಾದ ಮೇಲೆಯೇ ಕೂರಿಸಿದೆ. "ಸಂಜಿಕ ಬರ್ತೀನಿ. ಇಲ್ಲಿಂದ ಅಲುಗಬ್ಯಾಡ್ರಿ," ಎಂದೆ. ಅವರು ಶೇಂಗಾ ಪೊಟ್ಟಣ ಕೈಯಲ್ಲಿ ಹಿಡಿದು ತಲೆ ಆಡಿಸಿದರು.

ಹತ್ತೂವರೆಗೆ ಲಾಂಚು ಬಿಟ್ಟಿತು. ನಡೆಸುವವನನ್ನು ತಾಂಡೇಲ ಎನ್ನುತ್ತಾರೆ. ಅವನು ಮೇಲೆ ಕುಳಿತು ಹಗ್ಗ ಎಳೆದರೆ ಕೆಳಗೆ ಗಂಟೆ ಬಡಿಯುತ್ತದೆ, ಕೆಳಗಿದ್ದವನು ಎಂಜಿನ್ ಜೋರು ಮಾಡುತ್ತಾನೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆದರೂ ಕೆಲಸ ನಡೆಯುತ್ತದೆ. ನಲವತ್ತು ವರ್ಷ ನಾನು ಮಾಡಿದ ಸಂಸಾರವೂ ಹೆಚ್ಚುಕಡಿಮೆ ಹೀಗೆಯೇ. ನನ್ನ ಪಕ್ಕದಲ್ಲಿ ಕೋಳಿ ಹೆಂಗಸೊಬ್ಬಳು ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಳು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಅವಳು ನಕ್ಕು, "ಆಜೀ, ಇದು ಸಮುದ್ರದ ಅತ್ತರು," ಎಂದು ಮರಾಠಿಯಲ್ಲಿ ಹೇಳಿದಳು.

ನಡುನೀರಿನಲ್ಲಿ ಎದುರಿನಿಂದ ಇನ್ನೊಂದು ಲಾಂಚು ಬಂತು. ಎರಡೂ ಹತ್ತಿರದಲ್ಲೇ ಹಾದುಹೋಗುವಾಗ ನೋಡುತ್ತೇನೆ, ಅದರ ಕಂಬಿ ಹಿಡಿದು ನಿಂತವಳು ನಮ್ಮ ಮಹಾದೇವಿ!

"ಮಾದೇವೀ! ಎಲ್ಲಿಗಿ ಹೊಂಟೀಯೇ?"

"ನಿನ್ನ ಕಡಿಗೇ, ಯವ್ವಾ! ನೀ ಎಲ್ಲಿಗಿ?"

"ನಿನ್ನ ಕಡಿಗೇ!"

ಅಷ್ಟರಲ್ಲಿ ಅವಳ ಲಾಂಚು ಅತ್ತ, ನನ್ನ ಲಾಂಚು ಇತ್ತ. ನಾನು ಬುಟ್ಟಿ ಎತ್ತಿಕೊಂಡು ತಾಂಡೇಲನ ಹತ್ತಿರ ಹೋಗಿ ತಿರುಗಿಸು ಎಂದೆ. ಕೈ ಮಾಡಿದರೆ ಎಸ್.ಟಿ. ಬಸ್ಸು ಸಹ ನಿಲ್ಲುತ್ತದೆ ಎಂದೂ ಹೇಳಿದೆ. "ಆಜೀ, ಸಮುದ್ರಾತ ಸ್ಟಾಪ್ ನಾಹೀ," ಎಂದ ಅವನು, ತಲೆ ತಿರುಗಿಸದೆ.

ಮೋರಾ ಬಂತು. ನಾನು ಇಳಿಯಲೇ ಇಲ್ಲ. ಹೇಗೂ ಮಗಳು ಅಪ್ಪನನ್ನು ಕಂಡು ಮುಂಬಯಿಯ ಧಕ್ಕಾದಲ್ಲೇ ಕುಳಿತಿರುತ್ತಾಳೆ ಎಂದು ಅದೇ ಲಾಂಚಿನಲ್ಲಿ ಮರಳಿ ಹೊರಟೆ. ಕೋಳಿ ಹೆಂಗಸು ಇಳಿಯುವಾಗ, ಬುಟ್ಟಿಯಲ್ಲಿ ಏನು ಎಂದು ಕೇಳಿದಳು. ಬೇರೆ ದಾರಿಯಿಲ್ಲದೆ ಹೇಳಿದೆ. ಅವಳು ಮೋರಾದ ಧಕ್ಕಾದ ಮೇಲಿದ್ದವರಿಗೆಲ್ಲ ಹೇಳಿದಳು. ನಮ್ಮ ಯಜಮಾನರಿಗೆ ತಕ್ಕ ತಂಗಿ.

ಮಧ್ಯಾಹ್ನ ಒಂದಕ್ಕೆ ಮತ್ತೆ ನಡುನೀರು, ಮತ್ತೆ ಎದುರಿಗೊಂದು ಲಾಂಚು. ಅದರಲ್ಲಿ ಮಹಾದೇವಿ, ಅವಳ ಪಕ್ಕದಲ್ಲಿ ಟೊಪ್ಪಿಗೆ ಬೀಸುತ್ತಾ ನಮ್ಮ ಯಜಮಾನರು.

"ಇಕಿನ್ನ ನಿನ್ನ ಕಡಿಗಿ ಕರಕೊಂಡ ಬಂದೀನಿ ನೋಡು!" ಎಂದು ಕೂಗಿದರು. ಅವರ ಮುಖದ ಸಂತೋಷ ನೋಡಿ ನನಗೆ ಸಮುದ್ರಕ್ಕೆ ಹಾರುವ ಹಾಗಾಯಿತು.

"ನಿಮ್ಮ ಕರಕೊಂಡ ಬರೂದಕ್ಕ ಬೆಂಕಿ ಹಚ್ಚಲಿ! ಇಳದು ಅಲ್ಲೇ ಕುಂಡ್ರಿ! ಮೋರಾದಾಗೇ ಕುಂಡ್ರಿ!"

ನನ್ನ ದನಿ ಅಲ್ಲಿಗೆ ಮುಟ್ಟಲಿಕ್ಕಿಲ್ಲ ಎಂದು ನಮ್ಮ ಲಾಂಚಿನವರೆಲ್ಲ ಎದ್ದು ನಿಂತು, "ಮೋರ್‍ಯಾಲಾ ಥಾಂಬಾ! ಥಾಂಬಾ!" ಎಂದು ಒಟ್ಟಿಗೆ ಕೂಗಿದರು. ನಿಲ್ಲಿ, ಮೋರಾದಲ್ಲೇ ನಿಲ್ಲಿ ಎಂದು. ಕಚೇರಿಯ ಬಾಬು ಒಬ್ಬ ಛತ್ರಿಯನ್ನೂ ಬೀಸಿದ. ಈ ಸಲ ಅವರಿಗೆ ತಿಳಿಯಿತು.

ಭಾವುಚಾ ಧಕ್ಕಾದಲ್ಲಿ ಇಳಿದು ಆ ದಿನದ ಮೂರನೆಯ ಟಿಕೀಟು ಕೇಳಿದೆ. ಕಿಟಕಿಯವನು, "ಮೂರೂವರೆಯದೇ ಕೊನೆಯದು. ಆಮೇಲೆ ನೀರಿಲ್ಲ. ಇದೂ ಮೋರಾ ಮುಟ್ಟುವಷ್ಟರಲ್ಲಿ ನೀರು ಇಳಿದಿರುತ್ತದೆ, ದೋಣಿ ಹತ್ತಿ ಹೋಗಬೇಕಾಗುತ್ತದೆ," ಎಂದು ಎಚ್ಚರಿಸಿದ. ಅಮಾವಾಸ್ಯೆ ಹತ್ತಿರ ಬಂದಾಗ ಸಮುದ್ರ ಬಹಳ ದೂರ ಹಿಂದೆ ಸರಿಯುತ್ತದಂತೆ. ಸರಿಯಲಿ ಎಂದೆ. ಬೆಳಗಿನಿಂದ ನಾನು ಒಂದು ಹನಿ ನೀರು ಕುಡಿದಿರಲಿಲ್ಲ. ಕುಡಿದರೆ ಎಲ್ಲಿಗಾದರೂ ಹೋಗಬೇಕಾಗುತ್ತದೆ. ಹೋದರೆ ಬುಟ್ಟಿಯನ್ನು ಯಾರ ಕೈಗೆ ಕೊಡಲಿ?

ಕಿಟಕಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಮೋರಾ ಕಾಣಿಸುತ್ತಿತ್ತು, ನೀರು ಮಾತ್ರ ಇರಲಿಲ್ಲ. ಲಾಂಚು ದೂರದಲ್ಲೇ ನಿಂತಿತು. ನಮ್ಮನ್ನು ಸಣ್ಣ ದೋಣಿಗೆ ಇಳಿಸಿದರು. ಸ್ವಲ್ಪ ಹೋದ ಮೇಲೆ ಆ ದೋಣಿಯೂ ಕೆಸರಿನಲ್ಲಿ ಕೂತಿತು. ಮಿಕ್ಕವರು ಧೋತರ ಎತ್ತಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದರು. ನಾನು ಕಾಲು ಇಟ್ಟು ನೋಡಿದೆ, ಜಾರಿತು. ನಾನು ಬಿದ್ದರೆ ಎದ್ದೇನು, ಬುಟ್ಟಿ ಬಿದ್ದರೆ ಐದನೆಯ ತಿಂಗಳು ಹೋಯಿತು. ಹೊತ್ತು ಆಗಲೇ ಇಳಿಯುತ್ತಿತ್ತು.

ದೋಣಿಯವನು ಬುಟ್ಟಿ ಕೊಡಿ ಎಂದು ಕೈ ಚಾಚಿದ. "ಬುಟ್ಟಿ ಕೊಡುವುದಿಲ್ಲ. ಬೇಕಾದರೆ ನನ್ನನ್ನು ಹೊತ್ತುಕೊ," ಎಂದೆ ಅವನ ಮರಾಠಿಯಲ್ಲೇ. ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ನಾನು ತೆಳ್ಳಗಿನವಳಲ್ಲ. ಏನೋ ಗೊಣಗಿ ಬೆನ್ನು ಬಗ್ಗಿಸಿದ. ಅರವತ್ತು ದಾಟಿದ ನಾನು ಪರಪುರುಷನ ಬೆನ್ನೇರಿ, ಒಂದು ಕೈಯಿಂದ ಅವನ ಕೊರಳು, ಇನ್ನೊಂದರಿಂದ ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡು ಮೋರಾದ ಕಡೆ ಹೊರಟೆ. ಧಕ್ಕಾದ ಮೇಲೆ ಬೆಳಗಿನ ಕೋಳಿ ಹೆಂಗಸು ತನ್ನವರನ್ನೆಲ್ಲ ಸೇರಿಸಿಕೊಂಡು ನಿಂತಿದ್ದಳು. ಅವರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ಯಜಮಾನರು ಕಟ್ಟಳೆ ನೆನಪಾಗಿ ಸಮುದ್ರಕ್ಕೆ ಬೆನ್ನು ಮಾಡಿ ನಿಂತು, "ಬಂದಳೇನ್ರಿ? ಬಿದ್ದಳೇನ್ರಿ?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ಮಹಾದೇವಿ ನಗಲಿಲ್ಲ. ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಎರಡ ಸಲ ಬರಲಿಲ್ಲ. ತಿಂಗಳ ಮುಗಿಲಾಕ ಬಂತು, ಈ ಸಲಾನೂ ನಿನಗ ನೆನಪಿಲ್ಲ ಅಂತ ತಿಳಕೊಂಡೆ. ನಾನೇ ಹೋಗಿ ಕೇಳಿ ಉಂಡು ಬರಬೇಕಂತ ಹೊಂಟಿದ್ದೆ, ಯವ್ವಾ."

"ಹೇಳದ ಬರೂದೇ ಕಟ್ಟಳಿ, ಹುಚ್ಚಿ. ಹೊಟ್ಟಿ ಹೊತ್ತಕೊಂಡು ಸಮುದ್ರದಾಗ ಎರಡ ಸಲ ತಿರುಗ್ಯಾಡಿದಿ. ಬಾಯಿ ತೆಗಿ."

ತೆಗೆದಳು. ಹೋಳಿಗೆ ಮುರಿದು ಇಟ್ಟೆ. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಅಗಿಯುತ್ತಾ ಅಗಿಯುತ್ತಾ ಅವಳ ಕಣ್ಣಲ್ಲಿ ನೀರು ಬಂತು. "ಹಿಂಡ್ಯಾಗ ಖಾರ ಜಾಸ್ತಿ ಆಗ್ಯಾದ," ಎಂದಳು. ನಾನು ಇನ್ನೂ ಹಿಂಡಿ ಬಡಿಸಿರಲಿಲ್ಲ.

ಕೋಳಿ ಹೆಂಗಸು ತನ್ನ ತುರುಬಿನ ಹೂವಿನ ದಂಡೆ ಬಿಚ್ಚಿ ಮಗಳಿಗೆ ಮುಡಿಸಿದಳು. ಅದಕ್ಕೆ ಅರ್ಧ ಮಲ್ಲಿಗೆಯ, ಅರ್ಧ ಮೀನಿನ ವಾಸನೆ. ಉಳಿದ ಹೋಳಿಗೆಯನ್ನು ಅವರಿಗೆ ಹಂಚಿದೆ, ದೋಣಿಯವನಿಗೆ ಎರಡು ಕೊಟ್ಟೆ. ಕಳ್ಳ ಕುಬಸಕ್ಕೆ ಇಷ್ಟು ಜನ ನಮ್ಮ ಮನೆತನದಲ್ಲಿ ಹಿಂದೆ ಯಾರಿಗೂ ಸೇರಿರಲಿಕ್ಕಿಲ್ಲ.

ಮಗಳಿಗೆ ಕುಬಸ ತೊಡಿಸಿ, ಬಳೆ ಇಡಿಸಿ, ಅವಳ ಮನೆಯಲ್ಲಿ ಒಂದು ರಾತ್ರಿ ಇದ್ದು ಮರುದಿನ ತುಂಬುನೀರಿನ ಹೊತ್ತಿಗೆ ಹೊರಟೆವು. ಅಳಿಯ ಒಂದು ಚೀಲ ಉಪ್ಪು ಕೊಟ್ಟ. ಅದನ್ನು ಹೊತ್ತವರು ಯಜಮಾನರು. ಲಾಂಚು ಹಗ್ಗ ಬಿಚ್ಚುವಾಗ ಮಹಾದೇವಿ ಧಕ್ಕಾದ ತುದಿಯವರೆಗೆ ಬಂದಳು.

"ಏಳನೇ ತಿಂಗಳಿಗಿ ಬರ್ತಿಯೇನು?"

"ಬರ್ತೀನಿ."

"ಯಾವಾಗ?"

"ಅದು ನನಗ ಬಿಡು. ನೀ ಮಾತ್ರ ಕುಂತಲ್ಲೇ ಕುಂತಿರು."

"ಹಂಗಾದ್ರ ಈಗಲೇ ಕುಂತೆ ನೋಡು," ಎಂದು ಅವಳು ಅಲ್ಲೇ ಕಲ್ಲಿನ ಮೇಲೆ ಪಟಕ್ಕನೆ ಕುಳಿತಳು. ತಾಂಡೇಲ ಗಂಟೆ ಹೊಡೆದ. ಲಾಂಚು ತಿರುಗಿತು. ಮನುಷ್ಯರು ಕಡ್ಡಿಯಷ್ಟಾಗಿ ಕಾಣುವವರೆಗೂ ನಾನು ಹಿಂದಕ್ಕೇ ನೋಡುತ್ತಿದ್ದೆ. ಬಂದವರು ಹೋದವರು ಓಡಾಡುತ್ತಿದ್ದರು. ಅವರ ನಡುವೆ ಹಸಿರು ಕುಬಸದವಳೊಬ್ಬಳು ಮಾತ್ರ ಕುಳಿತೇ ಇದ್ದಳು.